ಶಿವಗಂಗೆ, ದೇವರಾಯನದುರ್ಗ: ಒಂದೇ ದಿನದಲ್ಲಿ ಹೋಗಿಬರುವುದು ಹೇಗೆ?

ಬೆಂಗಳೂರಿನಿಂದ ಒಂದು ದಿನದ ಮಟ್ಟಿಗೆ ಎಲ್ಲಾದರೂ ಹೋಗಿಬರೋಣ ಅಂದ ಕೂಡಲೇ ಎಲ್ಲರ ಬಾಯಿಗೆ ಬರುವುದು ನಂದಿಬೆಟ್ಟ. ನಾನು ಹೇಳುವುದು ತುಮಕೂರು ರಸ್ತೆಯ ಕಡೆ ಹೋಗಿ ಅಂತ. ದಾಬಸ್‌ಪೇಟೆಯಲ್ಲಿ ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗಿದರೆ ಶಿವಗಂಗೆ, ಬಲಕ್ಕೆ ತಿರುಗಿದರೆ ದೇವರಾಯನದುರ್ಗ. ಒಂದು ಬೆಟ್ಟ ಹತ್ತುವುದಕ್ಕೆ, ಇನ್ನೊಂದು ಕಾಡಿನ ನೆರಳಲ್ಲಿ ಸುಮ್ನೆ ಕೂರುವುದಕ್ಕೆ. ಎರಡನ್ನೂ ಒಂದೇ ದಿನದಲ್ಲಿ ಆರಾಮಾಗಿ ನೋಡಬಹುದು, ಆದರೆ ಒಂದು ಷರತ್ತು: ಬೆಳಿಗ್ಗೆ ಐದೂವರೆಗೆಲ್ಲ ಮನೆ ಬಿಟ್ಟಿರಬೇಕು.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಮೊದಲ ಸಲ ನಾವು ಹೋದದ್ದು ಏಪ್ರಿಲ್‌ನಲ್ಲಿ. ತಿಂಡಿ ಮುಗಿಸಿಕೊಂಡು ನಿಧಾನಕ್ಕೆ ಹೊರಟು, ಗೊರಗುಂಟೆಪಾಳ್ಯದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು, ಬೆಟ್ಟದ ಬುಡ ಮುಟ್ಟುವಾಗ ಹನ್ನೊಂದು ಗಂಟೆ ದಾಟಿತ್ತು. ಬಂಡೆ ಕಾದ ಹೆಂಚಿನ ಹಾಗೆ ಸುಡುತ್ತಿತ್ತು. ಅರ್ಧ ದಾರಿಯಲ್ಲೇ ಅಮ್ಮ ಕೂತುಬಿಟ್ಟರು. ಅವರ ಮುಖ ನೋಡಿ ನಮಗೆಲ್ಲ ಗಾಬರಿಯಾಗಿ, ಮೇಲೆ ಹೋಗದೆ ವಾಪಸ್ ಇಳಿದೆವು.

ದಿನ ಆರಿಸುವುದು. ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಮಳೆಗಾಲದಲ್ಲಿ ಹಸಿರು ಕಣ್ಣಿಗೆ ಹಬ್ಬ, ಆದರೆ ಶಿವಗಂಗೆಯ ಬಂಡೆ ಜಾರುತ್ತದೆ, ಮಕ್ಕಳಿದ್ದರೆ ಬೇಡ. ಸಂಕ್ರಾಂತಿ ಹೊತ್ತಿಗೆ ಅಲ್ಲಿ ಜಾತ್ರೆ. ಜಾತ್ರೆ ನೋಡಲೆಂದೇ ಹೋಗುವುದಾದರೆ ಸರಿ, ಇಲ್ಲದಿದ್ದರೆ ಆ ವಾರ ಬಿಟ್ಟುಬಿಡಿ. ರಜೆ ಸಿಗುವವರು ವಾರದ ನಡುವೆ ಹೋಗಿ.

ದಾರಿ. ಬೆಂಗಳೂರಿನಿಂದ ಶಿವಗಂಗೆಗೆ ಸುಮಾರು 55 ಕಿಲೋಮೀಟರ್. ನೆಲಮಂಗಲದ ಹತ್ತಿರ ಹಾಸನದ ರಸ್ತೆ ಎಡಕ್ಕೆ ಕವಲೊಡೆಯುತ್ತದೆ, ಅಲ್ಲಿ ತಿರುಗದೆ ತುಮಕೂರು ಕಡೆಗೇ ಹೋಗಬೇಕು. ಗಾಡಿ ಇಲ್ಲದವರು ತುಮಕೂರು ಕಡೆಯ ಬಸ್ಸಿನಲ್ಲಿ ದಾಬಸ್‌ಪೇಟೆಯಲ್ಲಿ ಇಳಿದು ಅಲ್ಲಿಂದ ಬಸ್ಸೋ ಆಟೋನೋ ಹಿಡಿಯಬಹುದು. ಆದರೆ ಬಸ್ಸಿನಲ್ಲಿ ಹೋಗುವವರಿಗೆ ಒಂದು ದಿನಕ್ಕೆ ಒಂದೇ ಬೆಟ್ಟ ಸಾಕು.

ಶಿವಗಂಗೆ ಹತ್ತುವುದು. ಸಮುದ್ರಮಟ್ಟದಿಂದ ಇದರ ಎತ್ತರ 1,300 ಮೀಟರಿಗೂ ಜಾಸ್ತಿ. ಗಾಬರಿ ಬೇಡ, ಬಹುಪಾಲು ದಾರಿಗೆ ಮೆಟ್ಟಿಲಿದೆ, ಕಡಿದಾದ ಕಡೆ ಹಿಡಿದುಕೊಳ್ಳಲು ಕಂಬಿ ಇದೆ. ಕೂತು ಎದ್ದು ಹತ್ತುವವರಿಗೆ ಮೇಲೆ ತಲುಪಲು ಎರಡು ಗಂಟೆ ಇಟ್ಟುಕೊಳ್ಳಿ. ಬುಡದ ಹತ್ತಿರವೇ ಗುಹೆಯೊಳಗೆ ಗಂಗಾಧರೇಶ್ವರನ ಗುಡಿ. ಲಿಂಗಕ್ಕೆ ತುಪ್ಪ ಸವರಿದರೆ ಬೆಣ್ಣೆಯಾಗುತ್ತದೆ ಅನ್ನುವ ನಂಬಿಕೆ ಇಲ್ಲಿಯದು. ಅದಕ್ಕೇ ಜನ ಮನೆಯಿಂದ ತುಪ್ಪ ತರುತ್ತಾರೆ.

ಸ್ವಲ್ಪ ಮೇಲಕ್ಕೆ ಹೋದರೆ ಒಳಕಲ್ಲು ತೀರ್ಥ. ಇಲ್ಲಿ ಅವಸರ ಮಾಡಬೇಡಿ. ಬಗ್ಗಿಕೊಂಡು ಒಳಗೆ ಹೋದರೆ ಬಂಡೆಯಲ್ಲಿ ಒರಳಿನ ಬಾಯಿಯಂಥ ಒಂದು ಗುಂಡಿ. ಅದರೊಳಗೆ ತೋಳು ಇಳಿಬಿಟ್ಟು ನೀರು ಮುಟ್ಟಬೇಕು. ನೀರು ಸಿಕ್ಕಿದವರು ಪುಣ್ಯವಂತರು ಅಂತ ಮಾತು. ಎರಡನೇ ಸಲ ಹೋದಾಗ ಅಮ್ಮ ಮೊಣಕಾಲೂರಿ, ಭುಜದವರೆಗೂ ಕೈ ಬಿಟ್ಟು, ಕಣ್ಣು ಮುಚ್ಚಿಕೊಂಡು ತಡಕಾಡಿದರು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ "ಸಿಕ್ತು ಕಣೋ, ಎಷ್ಟು ತಣ್ಣಗಿದೆ!" ಅಂದರು. ಕೈ ತೆಗೆದಾಗ ಬೆರಳ ತುದಿಯಲ್ಲಿ ನಾಲ್ಕೇ ಹನಿ. ಅದನ್ನು ನನ್ನ ತಲೆಗೆ ಚಿಮುಕಿಸಿದರು. ನನ್ನ ಮಟ್ಟಿಗೆ ಇಡೀ ದಿನ ಸಾರ್ಥಕವಾಗಿದ್ದು ಅಲ್ಲೇ.

ಅಲ್ಲಿಂದ ಮುಂದೆ ಏರು ಜಾಸ್ತಿ. ನಂದಿ ಇರುವುದು ಕಡಿದಾದ ಬಂಡೆಯ ನೆತ್ತಿಯ ಮೇಲೆ, ಅದರ ಸುತ್ತ ಬರುವ ಜಾಗ ಬಲು ಇಕ್ಕಟ್ಟು. ಎತ್ತರ ಕಂಡರೆ ತಲೆ ತಿರುಗುವವರು ಕೆಳಗಿಂದಲೇ ಕೈ ಮುಗಿಯಿರಿ, ಅದರಲ್ಲಿ ನಾಚಿಕೆಯೇನಿಲ್ಲ. ಹೊಯ್ಸಳರ ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು ಅಂತ ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಬೆಟ್ಟದಿಂದ ಹಾರಿಕೊಂಡಳು ಅನ್ನುವುದು ಜನರ ಬಾಯಲ್ಲಿ ಉಳಿದುಬಂದ ಕತೆ, ಅದಕ್ಕೇ ಆ ಪ್ರಪಾತಕ್ಕೆ ಅವಳ ಹೆಸರು. ಅಂಚಿಗೆ ಹೋಗಿ ಸೆಲ್ಫಿ ತೆಗೆಯಬೇಡಿ, ದಯವಿಟ್ಟು.

ಕೋತಿಗಳು. ಇಲ್ಲಿ ಕೋತಿ ಕಾಟ ಬಹಳ. ಪ್ಲಾಸ್ಟಿಕ್ ಕವರಿನ ಸದ್ದಿಗೇ ಓಡಿಬರುತ್ತವೆ. ಕೈಯಲ್ಲಿ ಏನನ್ನೂ ಹಿಡಿಯದೆ, ಜಿಪ್ ಇರುವ ಬ್ಯಾಗನ್ನು ಬೆನ್ನಿಗೆ ಹಾಕಿಕೊಳ್ಳಿ. ಒಬ್ಬರಿಗೆ ಎರಡು ಲೀಟರ್ ನೀರು ಇರಲಿ. ದಾರಿಯಲ್ಲಿ ಸೌತೆಕಾಯಿ, ಮಜ್ಜಿಗೆ ಮಾರುತ್ತಾರೆ, ಅಂಗಡಿ ಎದುರೇ ನಿಂತು ತಿಂದು ಮುಗಿಸಿ. ಖಾಲಿ ಬಾಟಲಿಯನ್ನು ಬಂಡೆ ಸಂದಿಗೆ ತುರುಕುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಹೊತ್ತು ತಂದ ಬ್ಯಾಗಿನಲ್ಲೇ ಅದು ವಾಪಸ್ ಬರಲಿ, ಅಷ್ಟೇನೂ ಭಾರವಿಲ್ಲ, ಅಲ್ವಾ?

ಮಧ್ಯಾಹ್ನದ ಬೆಟ್ಟ. ಹನ್ನೊಂದರೊಳಗೆ ಇಳಿದರೆ ದಾಬಸ್‌ಪೇಟೆಗೆ ವಾಪಸ್ ಬಂದು, ಹೆದ್ದಾರಿ ದಾಟಿ, ಊರ್ಡಿಗೆರೆ ಕಡೆಗೆ ಹೊರಡಿ. ಮನೆಯಿಂದ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೋಗಿದ್ದರೆ ಕಾಡು ಶುರುವಾಗುವ ಮೊದಲೇ ಎಲ್ಲಾದರೂ ಮರದ ಕೆಳಗೆ ಊಟ ಮುಗಿಸುವುದು ಒಳ್ಳೆಯದು. ದೇವರಾಯನದುರ್ಗದಲ್ಲೂ ಕೋತಿಗಳಿವೆ.

ಇಲ್ಲಿ ಗಾಡಿ ಬೆಟ್ಟದ ಮೇಲಿನವರೆಗೂ ಹೋಗುತ್ತದೆ, ಆಮೇಲೆ ಒಂದಷ್ಟು ಮೆಟ್ಟಿಲು ಹತ್ತಿದರೆ ಯೋಗನರಸಿಂಹ. ಕೆಳಗಡೆ ಭೋಗನರಸಿಂಹ. ಮೈಸೂರಿನ ಚಿಕ್ಕದೇವರಾಜ ಒಡೆಯರು ಗೆದ್ದುಕೊಂಡ ಮೇಲೆ ದುರ್ಗಕ್ಕೆ ಈ ಹೆಸರು ಬಂತು. ಮಧ್ಯಾಹ್ನ ಗುಡಿ ಬಾಗಿಲು ಹಾಕಿರುವ ಸಾಧ್ಯತೆ ಇದೆ. ಹಾಗಾಗಿ ಮೊದಲು ನಾಮದ ಚಿಲುಮೆಗೆ ಹೋಗಿ. ವನವಾಸದಲ್ಲಿದ್ದ ರಾಮ ಹಣೆಗೆ ನಾಮ ಇಟ್ಟುಕೊಳ್ಳಲು ನೀರು ಸಿಗದೆ ಬಂಡೆಗೆ ಬಾಣ ಬಿಟ್ಟ, ನೀರು ಚಿಮ್ಮಿತು ಅನ್ನುವುದು ಊರವರ ಕತೆ. ನೋಡಿದರೆ ಬಂಡೆಯಲ್ಲಿ ಒಂದು ಪುಟ್ಟ ಕುಳಿ, ಅಷ್ಟೇ. ಅದರೊಳಗೆ ತಿಳಿನೀರು. ಪಕ್ಕದಲ್ಲೇ ಜಿಂಕೆಗಳ ಆವರಣ ಇದೆ, ಮಕ್ಕಳು ಅಲ್ಲಿಂದ ಬೇಗ ಏಳುವುದಿಲ್ಲ.

ಹಕ್ಕಿ ನೋಡುವವರು ಬೈನಾಕ್ಯುಲರ್ ಮರೆಯಬೇಡಿ. ದಕ್ಷಿಣ ಭಾರತದ ಕಲ್ಲುಗುಡ್ಡಗಳಲ್ಲಿ ಮಾತ್ರ ಸಿಗುವ, ಹಳದಿ ಕೊರಳಿನ ಪಿಕಳಾರ ಇಲ್ಲಿದೆ. ಪೊದೆ ಹತ್ತಿರ ಮಾತಾಡದೆ ಕೂತರೆ ದನಿಯಾದರೂ ಕೇಳಬಹುದು.

ವಾಪಸ್ ಬರುವುದು. ಇದು ಚಿರತೆ ಓಡಾಡುವ ಕಾಡು. ಕತ್ತಲಾಗುವ ಮೊದಲೇ ಬೆಟ್ಟ ಇಳಿಯಿರಿ, ದಾರಿಯಲ್ಲಿ ಗಾಡಿ ನಿಲ್ಲಿಸಿ ಜೋರಾಗಿ ಹಾಡು ಹಾಕಬೇಡಿ. ತುಮಕೂರು ಕಡೆಗೆ ಇಳಿದರೆ ಸುಮಾರು 15 ಕಿಲೋಮೀಟರ್. ಹೆದ್ದಾರಿಗೆ ಬಂದ ಮೇಲೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ. ಅಗಲವಾದ ಬಿಸಿ ಇಡ್ಲಿಯ ಮೇಲೆ ಬೆಣ್ಣೆ ಹಾಕಿಸಿಕೊಳ್ಳಿ, ಅದು ಕರಗಿ ಅಂಚಿಗೆ ಇಳಿಯುವಷ್ಟರಲ್ಲಿ ಚಟ್ನಿ ಬರುತ್ತದೆ. ಒಬ್ಬರಿಗೆ ಎರಡು ಸಾಕು. ಭಾನುವಾರವಾದರೆ ಐದೂವರೆ ಹೊತ್ತಿಗೆ ಅಲ್ಲಿಂದ ಹೊರಟುಬಿಡಿ, ಊರಿಂದ ವಾಪಸಾಗುವವರ ಗಾಡಿಗಳೆಲ್ಲ ಸೇರಿ ನೆಲಮಂಗಲದ ಟೋಲ್ ಹತ್ತಿರ ಸಾಲು ಬೆಳೆಯುವುದು ಆಮೇಲೆಯೇ.