ಮನೆಯಿಂದಲೇ ವ್ಯಾಪಾರ ಮಾಡ್ತೀರಾ? ಲೋಕಲ್ ಪೇಪರ್‌ಗೆ ಜಾಹೀರಾತು ಕೊಡೋ ಮೊದಲು ಇಷ್ಟು ನೋಡಿ

ನಾನು ಮೊದಲ ಸಲ ಪೇಪರ್‌ನಲ್ಲಿ ಜಾಹೀರಾತು ಹಾಕಿಸಿದ್ದು ಹಲಸಿನ ಹಪ್ಪಳಕ್ಕೆ. ಗೌರಿ ಹಬ್ಬಕ್ಕೆ ಇನ್ನು ನಾಲ್ಕು ದಿನ ಇತ್ತು. ಪೇಟೆಯವರು ಆರು ಗಂಟೆಗೇ ಪೇಪರ್ ಓದುತ್ತಾರೆ ಅಂತ ಬೆಳಿಗ್ಗೆಯಿಂದ ಫೋನ್ ಮುಂದಿಟ್ಟುಕೊಂಡು ಕೂತೆ. ಸದ್ದೇ ಇಲ್ಲ. ನಮ್ಮೂರಿಗೆ ಪೇಪರ್ ಬರುವುದು ಹತ್ತು ಗಂಟೆ ಬಸ್ಸಿಗೆ, ಹಾಲಿನ ಡೈರಿ ಹತ್ತಿರ ಕಟ್ಟು ಇಳಿಸಿ ಹೋಗುತ್ತಾರೆ. ತಂದು ಬಿಡಿಸಿ ನೋಡಿದರೆ ನನ್ನ ನಂಬರಿನ ಕೊನೆಯಲ್ಲಿ 6 ಇರಬೇಕಾದ ಕಡೆ 9 ಬಿದ್ದಿದೆ! ಯಾರೋ ಪಾಪ, ಇಡೀ ದಿನ ಹಪ್ಪಳ ಕೇಳುವವರಿಗೆ ಉತ್ತರ ಕೊಟ್ಟು ಸುಸ್ತಾಗಿರಬೇಕು. ಪೇಪರ್‌ನವರು ಮರುವಾರ ಪುಕ್ಕಟೆಯಾಗಿ ಇನ್ನೊಂದು ಸಲ ಹಾಕಿಕೊಟ್ಟರು. ಹಬ್ಬ ಮುಗಿದಿತ್ತು.

ಆ ಎರಡನೇ ಸಲದ ಲೆಕ್ಕವನ್ನೇ ನಿಮ್ಮ ಮುಂದಿಡುತ್ತೇನೆ. ಒಟ್ಟು 14 ಕರೆ ಬಂದವು. ಖುಷಿಪಡಬೇಡಿ, ಅದರಲ್ಲಿ 4 ಬೇರೆ ಪತ್ರಿಕೆಗಳ ಜಾಹೀರಾತಿನವರದ್ದು, 'ನಮ್ಮಲ್ಲೂ ಒಂದು ಹಾಕಿಸಿ ಮೇಡಂ' ಅಂತ. (ನಾವು ಹಾಕಿಸಿದ ಜಾಹೀರಾತನ್ನು ಮೊದಲು ಓದುವವರು ಬೇರೆ ಪತ್ರಿಕೆಗೆ ಜಾಹೀರಾತು ಹಿಡಿಯುವವರೇ, ಇದು ನಿಮಗೂ ಆಗುತ್ತದೆ.) 3 ಜನ ಅಂಗಡಿಯವರು, ಅರ್ಧ ರೇಟಿಗೆ ಕೇಳಿದರು. ಒಬ್ಬರು ಹಿಟ್ಟಿಗೆ ಏನೇನು ಹಾಕುತ್ತೀರಿ ಅಂತ ಕಾಲು ಗಂಟೆ ವಿಚಾರಿಸಿ ಇಟ್ಟುಬಿಟ್ಟರು. ಉಳಿದ 6 ಜನ ಸೇರಿ 15 ಪ್ಯಾಕೆಟ್ ತಗೊಂಡರು. ಪ್ಯಾಕೆಟ್ಟಿಗೆ ನನಗೆ ಉಳಿಯುವುದು 40 ರೂಪಾಯಿ, ಅಂದರೆ 600. ಮೊದಲ ಸಲ ಜಾಹೀರಾತಿಗೆ ಕೊಟ್ಟಿದ್ದ ಖರ್ಚು 2,100. ಕೈಯಿಂದ ಹೋದದ್ದು 1,500.

ಅಷ್ಟಕ್ಕೇ ನಿಲ್ಲಿಸಿದ್ದರೆ 'ಪೇಪರ್ ಜಾಹೀರಾತು ದಂಡ' ಅಂತ ನಾನೂ ಹೇಳುತ್ತಿದ್ದೆ. ಆದರೆ ಆ ಆರು ಜನರಲ್ಲಿ ಸಾಗರದ ಒಬ್ಬ ಅಮ್ಮ ಎರಡು ತಿಂಗಳಿಗೊಮ್ಮೆ 10 ಪ್ಯಾಕೆಟ್ ತರಿಸಲು ಶುರು ಮಾಡಿದರು. ಅವರ ಮನೆಗೆ ಬೇಕಾದದ್ದು ಎರಡೇ, ಮಿಕ್ಕಿದ್ದೆಲ್ಲ ಬೆಂಗಳೂರಿನಲ್ಲಿರುವ ಮಕ್ಕಳಿಗೆ ಮತ್ತು ಮಕ್ಕಳ ಸ್ನೇಹಿತರಿಗೆ. ಒಂದು ಸಲಕ್ಕೆ 400 ಉಳಿಯುತ್ತದೆ. ಎಂಟು ತಿಂಗಳಲ್ಲಿ ಅವರೊಬ್ಬರಿಂದಲೇ ನನ್ನ ಗಂಟು ವಾಪಸ್ ಬಂತು.

ಹಾಗಾಗಿ ನಿಮ್ಮನ್ನು ನೀವು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ, ಒಮ್ಮೆ ತಗೊಂಡವರು ಮತ್ತೆ ತಗೊಳ್ಳುತ್ತಾರಾ? ಉಪ್ಪಿನಕಾಯಿ, ಹಪ್ಪಳ, ತುಪ್ಪ, ಸಾಂಬಾರ್ ಪುಡಿ, ಊಟದ ಡಬ್ಬಿ, ಇವೆಲ್ಲ ಖಾಲಿಯಾಗುತ್ತವೆ, ಜನ ತಿರುಗಿ ಬರುತ್ತಾರೆ. ಅಡಿಕೆ ಹಾಳೆ ತಟ್ಟೆಯಂಥದ್ದು ಒಂದು ಮನೆಗೆ ಪದೇ ಪದೇ ಬೇಡ, ಆದರೆ ಮದುವೆ ಆರ್ಡರ್ ಒಂದು ಬಂದರೂ ಹಾಕಿದ ಖರ್ಚು ವಾಪಸ್ ಬರುತ್ತದೆ. ಒಮ್ಮೆ ತಗೊಂಡರೆ ಐದು ವರ್ಷ ಬಾಳುವ ವಸ್ತು, ಅದರಲ್ಲೂ ಲಾಭ ಕಡಿಮೆ ಅಂದರೆ ಪೇಪರ್ ಬೇಡ. ಮತ್ತೆ ಲೆಕ್ಕ ಹಾಕುವಾಗ ಮಾರಾಟದ ಬೆಲೆ ಹಿಡಿಯಬೇಡಿ. ಎಣ್ಣೆ, ಗ್ಯಾಸು, ಪ್ಯಾಕಿಂಗು, ಬಸ್ಸಿಗೆ ಹಾಕಿ ಕಳಿಸುವ ಚಾರ್ಜು ಎಲ್ಲ ಕಳೆದು ಕೈಯಲ್ಲಿ ನಿಲ್ಲುವ ದುಡ್ಡು ಎಷ್ಟು, ಅದನ್ನು ಹಿಡಿಯಿರಿ.

ಎರಡನೆಯದು, ಪೇಪರ್ ಎಲ್ಲಿಗೆ ಹೋಗುತ್ತದೆ, ನಿಮ್ಮ ಗಿರಾಕಿ ಎಲ್ಲಿದ್ದಾರೆ. ಇದರಲ್ಲೇ ಜಾಸ್ತಿ ಜನ ಎಡವುವುದು. ಶಿವಮೊಗ್ಗದಲ್ಲೇ ಅಚ್ಚಾಗುವ ನಾವಿಕ, ಕ್ರಾಂತಿದೀಪ, ಛಲದಂಕಮಲ್ಲದಂಥ ಪತ್ರಿಕೆಗಳಿವೆ. ಪ್ರಜಾವಾಣಿ, ವಿಜಯ ಕರ್ನಾಟಕ, ವಿಜಯವಾಣಿಯಂಥ ದೊಡ್ಡ ಪತ್ರಿಕೆಗಳ ಜಿಲ್ಲಾ ಪುಟಗಳೂ ಇವೆ. ದೊಡ್ಡದರಲ್ಲಿ ದರ ಜಾಸ್ತಿ, ಓದುಗರೂ ಜಾಸ್ತಿ. ಆದರೆ ಸೊರಬದ ಒಳಗಿನ ಹಳ್ಳಿಯವರು ನಿಮ್ಮ ಊಟದ ಡಬ್ಬಿಯ ಜಾಹೀರಾತು ನೋಡಿ ಏನು ಮಾಡಬೇಕು? ನೀವು ಕೊಡುವುದು ಶಿವಮೊಗ್ಗ ಪೇಟೆಯ ವಿನೋಬನಗರ, ಗೋಪಾಳಕ್ಕೆ ಮಾತ್ರ ಅಲ್ವಾ? ಅಂಥ ವ್ಯಾಪಾರಕ್ಕೆ ಕರಪತ್ರವೇ ಸರಿ. ನಸುಕಿನಲ್ಲಿ ಪೇಪರ್ ವಿಂಗಡಿಸುವ ಏಜೆಂಟರನ್ನು ಹಿಡಿದು, ನಿಮಗೆ ಬೇಕಾದ ಎರಡು ಲೈನಿಗೆ (ಹುಡುಗರು ಪೇಪರ್ ಹಾಕುತ್ತಾ ಹೋಗುವ ಬೀದಿಗಳಿಗೆ) ಮಾತ್ರ ಪೇಪರ್ ಒಳಗೆ ಇಡಿಸಿ. ಸಾವಿರಕ್ಕೆ ಇಷ್ಟು ಅಂತ ತಗೊಳ್ಳುತ್ತಾರೆ.

ಪ್ರಸಾರ ಸಂಖ್ಯೆ, ಅಂದರೆ ಪೇಪರ್ ಎಷ್ಟು ಪ್ರತಿ ಹೋಗುತ್ತದೆ ಅಂತ ಕೇಳಿದರೆ ಎಲ್ಲರೂ ಉದ್ದದ ಸಂಖ್ಯೆಯನ್ನೇ ಹೇಳುತ್ತಾರೆ. ಅದನ್ನು ಲೆಕ್ಕ ಹಾಕಿ ಪ್ರಮಾಣಪತ್ರ ಕೊಡಲು 1948ರಿಂದ ಎಬಿಸಿ ಅನ್ನುವ ಸಂಸ್ಥೆ ಇದೆ, ಆದರೆ ಎಲ್ಲ ಪತ್ರಿಕೆಗಳೂ ಅದರ ಸದಸ್ಯರಲ್ಲ. ನನ್ನ ದಾರಿ ಸುಲಭ. ಬಸ್ ಸ್ಟ್ಯಾಂಡಿನ ಪೇಪರ್ ಅಂಗಡಿಯವರನ್ನು, ಮನೆಗೆ ಪೇಪರ್ ಹಾಕುವ ಹುಡುಗನನ್ನು ಕೇಳಿ, 'ನಿನ್ನ ಲೈನಿನಲ್ಲಿ ಇದು ಎಷ್ಟು ಹೋಗುತ್ತೆ?' ಅಂತ. ಆ ಹುಡುಗನಿಗೆ ಸುಳ್ಳು ಹೇಳಿ ಆಗಬೇಕಾದ್ದೇನೂ ಇಲ್ಲ.

ಮೂರನೆಯದು ಓದುವವರು ಯಾರು. ನಮ್ಮ ಮಲೆನಾಡಿನಲ್ಲಿ ಪೇಪರ್ ಬಿಡಿಸಿದ ತಕ್ಷಣ ಕಣ್ಣು ಹೋಗುವುದು ಎರಡು ಕಡೆ, ಅಡಿಕೆ ಧಾರಣೆ ಮತ್ತು ಶ್ರದ್ಧಾಂಜಲಿ. ಅಡಿಕೆಯಲ್ಲಿ ರಾಶಿ ಎಷ್ಟು, ಬೆಟ್ಟೆ ಎಷ್ಟು, ಸರಕು ಎಷ್ಟು ಅಂತ ನೋಡಿ, ಆಮೇಲೆ ಮುಖಪುಟ. ಓದುವವರು ಹೆಚ್ಚಾಗಿ ಐವತ್ತು ದಾಟಿದವರು, ಮನೆ ಯಜಮಾನರು, ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಒಂದೇ ಪೇಪರನ್ನು ಹಾಳೆ ಹಾಳೆ ಹಂಚಿಕೊಳ್ಳುವವರು. ಅವರಿಗೆ ಬೇಕಾದದ್ದು ನಿಮ್ಮ ಹತ್ತಿರ ಇದ್ದರೆ ಹಾಕಿಸಿ, ಸಾಧ್ಯವಾದರೆ ಧಾರಣೆ ಬರುವ ಪುಟದಲ್ಲೇ ಜಾಗ ಕೇಳಿ. ಸೀರೆ, ಕುಚ್ಚು, ಬ್ಲೌಸ್ ಕಸೂತಿಗೆ ಮಾತ್ರ ದಯವಿಟ್ಟು ಬೇಡ ಮಾರಾಯ್ರೇ. ನ್ಯೂಸ್‌ಪ್ರಿಂಟಿನ ಮೇಲೆ ಕಪ್ಪು ಬಿಳುಪಿನಲ್ಲಿ ರೇಷ್ಮೆ ಸೀರೆಯೂ ನೆಲ ಒರೆಸುವ ಬಟ್ಟೆ ಥರ ಕಾಣುತ್ತದೆ. ಅದಕ್ಕೆ ವಾಟ್ಸಾಪ್ ಸ್ಟೇಟಸ್, ಇನ್‌ಸ್ಟಾಗ್ರಾಮ್ ಇದೆ.

ಇನ್ನು ನಿಮ್ಮ ಹತ್ತಿರ ಮಾಲು ಇದೆಯಾ? ಹಲಸಿನ ಹಪ್ಪಳ ಒಣಗುವುದು ಬೇಸಿಗೆಯಲ್ಲಿ, ಜನ ಕೇಳುವುದು ಮಳೆ ಹಿಡಿದ ಮೇಲೆ. ಅಪ್ಪೆಮಿಡಿಯೂ ವರ್ಷಕ್ಕೊಮ್ಮೆ ಸಿಗುವಂಥದ್ದು. ಜಾಡಿ ಖಾಲಿಯಾದ ಮೇಲೆ ಜಾಹೀರಾತು ಕೊಟ್ಟು 'ಮುಂದಿನ ವರ್ಷ ನೋಡೋಣ' ಅಂದರೆ ಆ ಗಿರಾಕಿ ಮತ್ತೆ ಫೋನ್ ಮಾಡುವುದಿಲ್ಲ. ಕೈಯಲ್ಲಿ ದುಡ್ಡು ಓಡಾಡುವ ಸಮಯವನ್ನೂ ನೋಡಿ. ಅಡಿಕೆ ಕೊಯ್ಲು ಮುಗಿದು ಮಾಲು ಮಂಡಿಗೆ ಹೋದ ಮೇಲಿನ ತಿಂಗಳುಗಳು, ಮದುವೆ ಸೀಸನ್ನು, ಇವು ಒಳ್ಳೆಯವು. ಹಬ್ಬ, ಜಾತ್ರೆ ವಿಶೇಷ ಪುರವಣಿಯಲ್ಲಿ 'ಶುಭಾಶಯ ಕೋರುವವರು' ಅಂತ ಹಾಕಿಸುವುದು ಪರಿಚಯಸ್ಥರ ದಾಕ್ಷಿಣ್ಯಕ್ಕೆ ಸರಿ, ವ್ಯಾಪಾರಕ್ಕೆ ಅದರಿಂದ ಏನೂ ಇಲ್ಲ.

ದರದ ವಿಷಯ. ಚಿಕ್ಕ ಕ್ಲಾಸಿಫೈಡ್ ಪದ ಅಥವಾ ಸಾಲಿನ ಲೆಕ್ಕ. ಚೌಕಟ್ಟಿನ ಜಾಹೀರಾತು ಚದರ ಸೆಂ.ಮೀ. ಲೆಕ್ಕ. ನನ್ನದು 8 ಸೆಂ.ಮೀ. ಅಗಲ, 5 ಸೆಂ.ಮೀ. ಎತ್ತರ, ಒಟ್ಟು 40. ಒಂದಕ್ಕೆ 50 ರೂಪಾಯಿಯಂತೆ 2,000, ಅದರ ಮೇಲೆ 5% ಜಿಎಸ್‌ಟಿ. ನಿಮ್ಮ ಪತ್ರಿಕೆಯ ದರ ಬೇರೆ ಇರುತ್ತದೆ, ಕೇಳಿ, ಚೌಕಾಸಿ ಮಾಡಿ. ದೊಡ್ಡದಾಗಿ ಒಂದು ಸಲ ಹಾಕಿಸುವುದಕ್ಕಿಂತ ಚಿಕ್ಕದಾಗಿ ಅದೇ ವಾರದ ದಿನ ನಾಲ್ಕು ಸಲ ಹಾಕಿಸುವುದು ವಾಸಿ, ಯಾಕಂದ್ರೆ ಮೊದಲ ಸಲ ನೋಡಿದವರು ಫೋನ್ ಮಾಡುವುದು ಕಡಿಮೆ. ಅಚ್ಚಿಗೆ ಹೋಗುವ ಮೊದಲು ಪ್ರೂಫ್ (ತಿದ್ದಲು ಕೊಡುವ ಮಾದರಿ ಪ್ರತಿ) ಕೇಳಿ, ಅದರಲ್ಲಿರುವ ನಂಬರಿಗೆ ನೀವೇ ಬೇರೆ ಫೋನಿನಿಂದ ಡಯಲ್ ಮಾಡಿ ನೋಡಿ. ನಾನೀಗ ಹಾಗೇ ಮಾಡುತ್ತೇನೆ.

ಬರೆಯುವುದು ಹೇಗೆ? ನನ್ನ ಮೊದಲನೆಯದು 'ಶುಚಿ ರುಚಿಯಾದ ಮನೆ ತಿಂಡಿಗಳು ದೊರೆಯುತ್ತವೆ' ಅಂತ ಶುರುವಾಗುತ್ತಿತ್ತು. ಯಾರದ್ದಾದರೂ ಆಗಬಹುದು ಅದು. ಈಗಿನದು ಹೀಗಿದೆ: 'ಹಲಸಿನ ಹಪ್ಪಳ, ಈ ಬೇಸಿಗೆಯದ್ದು. ಖಾರ, ಸಪ್ಪೆ ಎರಡೂ ಇದೆ. ಸಾಗರ, ಶಿವಮೊಗ್ಗಕ್ಕೆ ಬಸ್ಸಿಗೆ ಹಾಕಿ ಕಳಿಸುತ್ತೇವೆ. ಬೆಳಿಗ್ಗೆ 10ರಿಂದ ಸಂಜೆ 6.' ಕೆಳಗೆ ಬೆಲೆ, ನಂಬರು. ಮನೆ ವಿಳಾಸ ಹಾಕಬೇಡಿ, ಊರಿನ ಹೆಸರು ಸಾಕು. ಹಗಲು ಒಬ್ಬರೇ ಇರುವಾಗ ಯಾರ‍್ಯಾರೋ ಬಾಗಿಲು ತಟ್ಟುವುದು ಬೇಡ. ನೆಟ್‌ವರ್ಕ್ ಹೋಗುವ ಊರಾದರೆ, ನಮ್ಮ ಹಾಗೆ, ಸಿಗ್ನಲ್ ಸಿಗುವ ಸಮಯವನ್ನೇ ಬರೆಯಿರಿ.

ತಿನ್ನುವ ವಸ್ತು ಮಾರುವವರು ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ನೋಂದಣಿ ಮಾಡಿಸಿಕೊಂಡಿರಬೇಕು, 14 ಅಂಕಿಯ ನಂಬರು ಕೊಡುತ್ತಾರೆ. ಹಲಸಿನ ಹಿಟ್ಟಿಗೋ ಜೇನಿಗೋ 'ಸಕ್ಕರೆ ಕಾಯಿಲೆ ಗುಣವಾಗುತ್ತದೆ' ಅಂತ ಬರೆಯಲೇಬೇಡಿ. 1954ರ ಕಾಯ್ದೆ ಪ್ರಕಾರ ಅಂಥ ಜಾಹೀರಾತು ಅಪರಾಧ. ಯಾವುದೋ ಕಂಪನಿಯ ಮಾಲನ್ನು ಮನೆಯಿಂದ ಮಾರುವ ಡೈರೆಕ್ಟ್ ಸೆಲ್ಲಿಂಗ್‌ನವರು ಕಂಪನಿ ಒಪ್ಪದ ಬರಹವನ್ನು ಗಿರಾಕಿಗೆ ಕೊಡುವಂತಿಲ್ಲ, 2021ರ ನಿಯಮ ಇದೆ. ಮೊದಲು ಕಂಪನಿಯಿಂದ ಒಪ್ಪಿಗೆ ಬರೆಸಿಕೊಳ್ಳಿ.

ಕೊನೆಗೆ ಒಂದು ನೋಟ್‌ಬುಕ್ ಇಡಿ. ಕರೆ ಬಂದಾಗಲೆಲ್ಲ 'ಎಲ್ಲಿ ನೋಡಿದ್ರಿ?' ಅಂತ ಕೇಳಿ ಬರೆದುಕೊಳ್ಳಿ. ಇನ್ನೊಂದು ಸಿಮ್ ಇದ್ದರೆ ಆ ನಂಬರನ್ನು ಪೇಪರ್‌ಗೆ ಮಾತ್ರ ಕೊಡಿ, ಆಗ ಕೇಳುವ ಕೆಲಸವೂ ಇಲ್ಲ. ಮೂರು ತಿಂಗಳಾದ ಮೇಲೆ ಪುಟ ತಿರುಗಿಸಿ, ಎರಡನೇ ಸಲ ತಗೊಂಡವರ ಹೆಸರಿನ ಕೆಳಗೆ ಗೆರೆ ಎಳೆಯಿರಿ. ಒಂದೂ ಗೆರೆ ಇಲ್ಲದಿದ್ದರೆ ಮುಂದಿನ ಜಾಹೀರಾತಿನ ದುಡ್ಡಿಗೆ ಎಣ್ಣೆ ಡಬ್ಬ ತಂದುಬಿಡಿ. ನನ್ನ ಪುಟದಲ್ಲಿ ಮೂರು ಗೆರೆ ಇದ್ದವು, ಅದಕ್ಕೇ ಈ ಸಲವೂ ಹಾಕಿಸುತ್ತಿದ್ದೇನೆ.