ಕಪ್ಪಾಗದ ಮೆಟ್ಟುಕತ್ತಿಗೆ 420 ಸ್ಟೀಲ್

ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕ ಕಡೆ ಅಡುಗೆಮನೆಯ ಮೆಟ್ಟುಕತ್ತಿಗೆ, ಅಂದರೆ ಈಳಿಗೆಮಣೆಗೆ, ಬಿಡುವೇ ಇಲ್ಲ. ಬಾಳೆಕಾಯಿ, ಹಲಸಿನಕಾಯಿ, ಮಾವಿನಕಾಯಿ ಎಲ್ಲ ಅದರಲ್ಲೇ ಆಗಬೇಕು. ಲಾರಿಯ ಸ್ಪ್ರಿಂಗ್ ಪ್ಲೇಟಿನಿಂದ ಆಚಾರಿಗಳು ಮಾಡುವ ಕತ್ತಿ ಹರಿತಕ್ಕೆ ಬಹಳ ಒಳ್ಳೆಯದು. ಆದರೆ ಬಾಳೆಕಾಯಿಯ ಚೊಗರು ತಾಗಿದರೆ ಕಬ್ಬಿಣ ಕಪ್ಪಾಗುತ್ತದೆ, ಹೋಳಿಗೂ ಆ ಬಣ್ಣ ಹಿಡಿಯುತ್ತದೆ. ಮಳೆಗಾಲದಲ್ಲಿ ಒರೆಸದೆ ಇಟ್ಟರೆ ಬೆಳಗಾಗುವಾಗ ತುಕ್ಕು. ಉಪ್ಪುಸೊಳೆ (ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ) ಮಾಡಿ ಮಾರುವ ನೆರೆಮನೆಯ ಅಕ್ಕ "ಕಪ್ಪಾಗದ್ದು ಒಂದು ಮಾಡಿ ಕೊಡಿ" ಎಂದು ಕೇಳಿದರು. ಹಾಗೆ ನನ್ನ ವರ್ಕ್‌ಶಾಪಿಗೆ 420 ಗ್ರೇಡಿನ ಸ್ಟೇನ್‌ಲೆಸ್ ಸ್ಟೀಲ್ ಬಂತು.

ಪಾತ್ರೆಗೆ ಬಳಸುವ 304 ಯಾಕೆ ಆಗುವುದಿಲ್ಲ? ಅದನ್ನು ಎಷ್ಟೇ ಕಾಯಿಸಿ ಅದ್ದಿದರೂ ಗಟ್ಟಿಯಾಗುವುದಿಲ್ಲ, ಬಾಯಿ ಬೇಗ ಮಡಚಿಕೊಳ್ಳುತ್ತದೆ. 420ರಲ್ಲಿ ಕ್ರೋಮಿಯಂ ಶೇ. 12ರಿಂದ 14. ಕಾರ್ಬನ್ ಶೇ. 0.3 ದಾಟಿದ್ದನ್ನೇ ನಾನು ಕತ್ತಿಗೆ ಕೇಳಿ ತರುತ್ತೇನೆ. ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ 1913ರಲ್ಲಿ ಮಾಡಿಸಿದ ತುಕ್ಕು ಹಿಡಿಯದ ಸ್ಟೀಲೂ ಹೆಚ್ಚುಕಡಿಮೆ ಇದೇ ಜಾತಿಯದ್ದು. ಆಪರೇಷನ್ನಿನ ಕತ್ತರಿ, ಇಕ್ಕಳ, ಪಂಪಿನ ಶಾಫ್ಟ್ ಇವಕ್ಕೂ ಇದನ್ನು ಬಳಸುತ್ತಾರೆ.

ಕೊಳ್ಳುವಾಗ ಬರೀ ಅಯಸ್ಕಾಂತ ನಂಬಬೇಡಿ. 420 ಅಂಟುತ್ತದೆ ನಿಜ, ಆದರೆ 430 ಗ್ರೇಡ್ ಕೂಡ ಅಂಟುತ್ತದೆ, ಮತ್ತು 430ಕ್ಕೆ ಹದ ಬರುವುದಿಲ್ಲ, ಅಂದರೆ ಕಾಯಿಸಿ ಅದ್ದಿದರೂ ಗಟ್ಟಿಯಾಗುವುದಿಲ್ಲ. ಕಂಪನಿಯ ಟೆಸ್ಟ್ ಸರ್ಟಿಫಿಕೇಟ್ ಕೇಳಿ. ತಂದ ಮೇಲೆ ಒಂದು ಚೂರು ಕತ್ತರಿಸಿ ಹದ ಕೊಟ್ಟು ಅರ ಉಜ್ಜಿ ನೋಡಿ. ಅರ ಜಾರಿದರೆ ಸರಿ.

ಇನ್ನು ಹದದ ವಿಷಯ. ನನ್ನ ಪ್ರಕಾರ ಇಡೀ ಕೆಲಸ ನಿಂತಿರುವುದು ಇಲ್ಲೇ. ಅಂಗಡಿಯಿಂದ ಬರುವ ಮೆತ್ತನೆಯ 420ರಲ್ಲಿ ಕ್ರೋಮಿಯಂನ ಒಂದು ಪಾಲು ಕಾರ್ಬನ್ ಜೊತೆ ಸೇರಿ ಕಾರ್ಬೈಡ್ ಕಾಳುಗಳಾಗಿ ಕೂತಿರುತ್ತದೆ. ತುಕ್ಕು ತಡೆಯುವ ಕೆಲಸಕ್ಕೆ ಆ ಪಾಲು ಸಿಗುವುದಿಲ್ಲ. ಚೆನ್ನಾಗಿ ಕಾಯಿಸಿದರೆ ಕಾಳು ಕರಗಿ ಕ್ರೋಮಿಯಂ ಬಿಡುಗಡೆಯಾಗುತ್ತದೆ. ಅಂದರೆ ಗಟ್ಟಿತನ, ತುಕ್ಕು ತಡೆಯುವ ಗುಣ ಎರಡೂ ಒಂದೇ ಬೆಂಕಿಯಲ್ಲಿ ಬರುತ್ತವೆ. ನನಗೆ ಈ ಸ್ಟೀಲ್ ಇಷ್ಟವಾಗಿರುವುದೇ ಇದಕ್ಕೆ.

ಕುಲುಮೆಯಲ್ಲಿ ಅಯಸ್ಕಾಂತ ಹಿಡಿಯುವುದು ಬಿಟ್ಟಾಗ ಅದ್ದುವ ಲೆಕ್ಕ ಸಾದಾ ಉಕ್ಕಿಗೆ ಸಾಕು, ಇದಕ್ಕೆ ಸಾಲದು. ಇದಕ್ಕೆ 1000 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಅದಕ್ಕೇ ಮೀಟರ್ ಇರುವ ಕರೆಂಟ್ ಫರ್ನೇಸ್ ಬಳಸುತ್ತೇನೆ. 1020ರ ಆಸುಪಾಸಿನಲ್ಲಿ ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ ಹಿಡಿದು ಎಣ್ಣೆಗೆ ಅದ್ದುತ್ತೇನೆ. ಸುಮ್ನೆ ಗಾಳಿಯಲ್ಲಿ ಬಿಟ್ಟರೂ ತೆಳು ಪಟ್ಟಿ ಗಟ್ಟಿಯಾಗುತ್ತದೆ. ಆದರೆ ನನಗೆ ಎಣ್ಣೆಯದ್ದೇ ಧೈರ್ಯ. ಒಳಗಿಡುವ ಮೊದಲು ಸ್ಟೇನ್‌ಲೆಸ್ ಹಾಳೆಯಲ್ಲಿ ಸುತ್ತುತ್ತೇನೆ, ಇಲ್ಲದಿದ್ದರೆ ಮೇಲ್ಮೈಯ ಕಾರ್ಬನ್ ಸುಟ್ಟುಹೋಗುತ್ತದೆ. ಅದ್ದಿದ ಕತ್ತಿ ಗಾಜಿನ ಹಾಗೆ ಪೆಡಸು. ಅದನ್ನು ಮರುದಿನಕ್ಕೆ ಇಡಬಾರದು, ಬಿರುಕು ಬಿಟ್ಟೀತು. ಕೈ ತಾಗಿಸುವಷ್ಟು ತಣಿದ ಕೂಡಲೇ 200 ಡಿಗ್ರಿಯಲ್ಲಿ ಎರಡು ಗಂಟೆ ಇಡುತ್ತೇನೆ. ಗಟ್ಟಿತನ ರಾಕ್‌ವೆಲ್ ಸಿ ಅಳತೆಯಲ್ಲಿ 50ರ ಮೇಲೆ ನಿಲ್ಲುತ್ತದೆ. ಪೆಡಸು ಹೋಗಲಿ ಎಂದು 425ರಿಂದ 600ರ ನಡುವೆ ಮಾತ್ರ ಕಾಯಿಸಬೇಡಿ. ಆ ಶಾಖದಲ್ಲಿ ಕಾರ್ಬೈಡ್ ಮತ್ತೆ ಹುಟ್ಟಿ ತುಕ್ಕು ಹಿಡಿಯುತ್ತದೆ, ಕತ್ತಿ ಪೆಟ್ಟಿಗೂ ಮುರಿಯುತ್ತದೆ.

ಆಮೇಲೆ ನುಣ್ಣಗೆ ಪಾಲಿಶ್. ಒರಟು ಗೀರಿನಲ್ಲಿ ನೀರು, ಉಪ್ಪು ನಿಂತು ತುಕ್ಕು ಶುರುವಾಗುತ್ತದೆ, ಅಲ್ವಾ? ಸಾಣೆ ಹಿಡಿಯುವಾಗ ಬಾಯಿ ನೀಲಿಯಾಗದಂತೆ ನೀರು ಹಾಕುತ್ತಿರಬೇಕು, ನೀಲಿಯಾದಲ್ಲಿ ಹದ ಹೋಯಿತು. ಮಣೆಗೆ ಜೋಡಿಸುವುದು ಬೋಲ್ಟ್ ಹಾಕಿ. ವೆಲ್ಡಿಂಗ್ ಮಾಡಿದರೆ ಈ ಸ್ಟೀಲ್ ಸುಲಭವಾಗಿ ಬಿರಿಯುತ್ತದೆ.

ಅಕ್ಕನ ಕತ್ತಿ ಹಲಸಿನ ಕಾಲವನ್ನು ಕಪ್ಪಾಗದೆ ದಾಟಿತು. ಮೇಣ ಅಂಟದಿರಲು ತೆಂಗಿನೆಣ್ಣೆ ಹಚ್ಚುವುದು ಹೇಗೂ ಅವರ ರೂಢಿ. ಆದರೆ ಉಪ್ಪುನೀರಿಗೆ ಇದು 304ರಷ್ಟು ತಾಳುವುದಿಲ್ಲ, ಸಣ್ಣ ಸಣ್ಣ ಗುಳಿ ಬೀಳುತ್ತವೆ. ಉಪ್ಪುಸೊಳೆಯ ಭರಣಿಗೆ ಕತ್ತಿ ಹಾಕಬೇಡಿ, ಕೆಲಸ ಮುಗಿದ ಕೂಡಲೇ ತೊಳೆದು ಒರೆಸಿಡಿ ಎಂದು ಕೊಡುವಾಗಲೇ ಹೇಳುತ್ತೇನೆ.

ಈಗ ತೆಂಗಿನಕಾಯಿ ತುರಿಯುವ ಹೆರೆಮಣೆಯ ಹಲ್ಲಿಗೂ ಇದೇ ಸ್ಟೀಲ್ ಹಾಕುತ್ತಿದ್ದೇನೆ. ಗೆರಟೆಗೆ ತಾಗಿ ಹಲ್ಲು ಮುರಿಯಬಾರದಲ್ಲ, ಅದಕ್ಕೆ 200ರ ಬದಲು 300 ಡಿಗ್ರಿ ಕೊಡುತ್ತೇನೆ.