ದೊಡ್ಡ ವಿದ್ಯುತ್ ಕೇಂದ್ರ ಯಾವುದು? ಲೆಕ್ಕ ಹಾಕುವ ಬಗೆ

ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡದ ಗಾಳಿಯಂತ್ರಗಳು ಆಷಾಢದಲ್ಲಿ ಬಿಡುವಿಲ್ಲದೆ ತಿರುಗುತ್ತವೆ. ಗಾಳಿ ಬಿದ್ದ ದಿನ ರೆಕ್ಕೆ ಅಲುಗುವುದಿಲ್ಲ. ಎರಡೂ ದಿನ ಕಾಗದದ ಮೇಲಿನ ಮೆಗಾವ್ಯಾಟ್, ಅಂದರೆ ಪೂರ್ತಿ ಓಡಿದರೆ ಕೊಡಬಲ್ಲ ಸಾಮರ್ಥ್ಯ, ಒಂದೇ. ದೊಡ್ಡ ಕೇಂದ್ರಗಳ ಪಟ್ಟಿ ಓದುವಾಗ ಎಡವುವುದು ಇಲ್ಲೇ.

ಮೊದಲು ಕೇಂದ್ರದೊಳಗಿನ ಘಟಕಗಳ, ಅಂದರೆ ಬೇರೆ ಬೇರೆ ಉತ್ಪಾದನಾ ಯಂತ್ರಗಳ, ಸಾಮರ್ಥ್ಯ ಕೂಡಿ ನೋಡಿ. ಮಧ್ಯಪ್ರದೇಶದ ವಿಂಧ್ಯಾಚಲದ ಕಲ್ಲಿದ್ದಲು ಕೇಂದ್ರದಲ್ಲಿ 210 ಮೆಗಾವ್ಯಾಟಿನವು 6, 500ರವು 7; ಒಟ್ಟು 4,760. ನಮ್ಮ ರಾಯಚೂರಿನದು 210ರ 7 ಮತ್ತು 250ರ 1, ಅಂದರೆ 1,720. ವಿಜಯಪುರ ಜಿಲ್ಲೆಯ ಕೂಡಗಿಯದು 800ರ 3, ಅಂದರೆ 2,400. ಕೂಡಿದ್ದು ಪಟ್ಟಿಗೆ ತಾಳೆಯಾಗದಿದ್ದರೆ, ಇನ್ನೂ ಕಟ್ಟುತ್ತಿರುವ ಅಥವಾ ಆಗಲೇ ಮುಚ್ಚಿದ ಘಟಕ ಸೇರಿದೆಯೇ ನೋಡಿ.

ಆಮೇಲೆ ಕರೆಂಟ್ ಬಿಲ್ಲಿನ ಯೂನಿಟ್‌ಗೆ ಇಳಿಸಿ. 1 ಮೆಗಾವ್ಯಾಟ್ 1 ಗಂಟೆ ಪೂರ್ತಿ ಓಡಿದರೆ 1,000 ಯೂನಿಟ್. ತೋಟದ ಬೋರ್‌ವೆಲ್ಲಿನ 10 ಎಚ್‌ಪಿ ಮೋಟಾರ್ ಅಂದರೆ 7.46 ಕಿಲೋವ್ಯಾಟ್, ನಷ್ಟ ಹಿಡಿಯದಿದ್ದರೆ 1 ಮೆಗಾವ್ಯಾಟಿಗೆ ಅಂಥವು 134. ಲೈನ್ ಮತ್ತು ಮೋಟಾರಿನ ನಷ್ಟ ಸೇರಿಸಿದರೆ ಇದಕ್ಕಿಂತ ಕಡಿಮೆ.

ಈಗ ಮುಖ್ಯ ಗುಣಾಕಾರ: ಮೆಗಾವ್ಯಾಟ್ × ವರ್ಷದ 8,760 ಗಂಟೆ × ವರ್ಷದ ಬಳಕೆಯ ಪ್ರಮಾಣ, ಅಂದರೆ ಪೂರ್ತಿ ಸಾಮರ್ಥ್ಯದಲ್ಲಿ ವರ್ಷವಿಡೀ ಓಡಿದ್ದರೆ ಬರುತ್ತಿದ್ದ ವಿದ್ಯುತ್ತಿನಲ್ಲಿ ನಿಜವಾಗಿ ಬಂದ ಪಾಲು. ಚಳ್ಳಕೆರೆಗೆ ಹತ್ತಿರದ ಪಾವಗಡ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟ್, ಕೈಗಾ ಅಣುಸ್ಥಾವರ 880. ಬಿಸಿಲಿಗೆ ಶೇ 22, ಅಣುವಿಗೆ ಶೇ 85 ಎಂದು ಹಿಡಿದರೆ ಪಾವಗಡಕ್ಕೆ ಸುಮಾರು 395 ಕೋಟಿ ಯೂನಿಟ್, ಕೈಗಾಕ್ಕೆ 655 ಕೋಟಿ. ಪಟ್ಟಿ ತಲೆಕೆಳಗಾಯಿತು! ಕೈಗಾದ 1ನೇ ಘಟಕ 2018ರ ಕೊನೆಯವರೆಗೆ 962 ದಿನ ನಿಲ್ಲದೆ ಓಡಿದೆ. ಸೋಲಾರಿಗೆ ದಿನಾ ಸೂರ್ಯ ಮುಳುಗುತ್ತಾನೆ.

ಸೋಲಾರ್ ಅಂಕಿಯಲ್ಲಿ ಇನ್ನೊಂದು ಗೊಂದಲ: ಅದು ಪ್ಯಾನೆಲ್ಲಿನಿಂದ ನೇರ ಬರುವ ಡಿಸಿ ಕರೆಂಟಿನ ಸಾಮರ್ಥ್ಯವೇ, ಇನ್ವರ್ಟರ್ ದಾಟಿ ಲೈನಿಗೆ ಹೋಗುವ ಎಸಿಯದೇ? ಎರಡನ್ನು ಬೆರೆಸಬೇಡಿ. ಕಲ್ಲಿದ್ದಲಿನ ಕೇಂದ್ರ ತಾನೇ ಉತ್ಪಾದಿಸಿದ್ದರಲ್ಲಿ ಶೇ 6ರಿಂದ 8ರಷ್ಟನ್ನು ತನ್ನದೇ ಫ್ಯಾನು, ಕಲ್ಲಿದ್ದಲು ಪುಡಿ ಮಾಡುವ ಗಿರಣಿ, ಬಾಯ್ಲರ್ ನೀರಿನ ಪಂಪುಗಳಿಗೆ ತಿನ್ನುತ್ತದೆ, ಅದನ್ನೂ ಕಳೆಯಿರಿ.

ಜಲವಿದ್ಯುತ್ತಿಗೆ ಮಾತ್ರ ಈ ಅಳತೆ ಒಗ್ಗದು. ಶರಾವತಿಯ 1,035 ಮೆಗಾವ್ಯಾಟ್ ವರ್ಷವಿಡೀ ಪೂರ್ತಿ ಓಡಿದರೆ ಲಿಂಗನಮಕ್ಕಿಯ ನೀರು ಸಾಲದು. ಸಂಜೆ ಊರೆಲ್ಲ ದೀಪ ಹಚ್ಚುವ ಹೊತ್ತಿಗೆ ಗೇಟು ತೆರೆದು ಕೆಲವೇ ನಿಮಿಷದಲ್ಲಿ ಕರೆಂಟ್ ಕೊಡುವುದು ಅದರ ಕೆಲಸ. ತಣ್ಣಗಾದ ಬಾಯ್ಲರಿಗೆ ಅದೇ ಕೆಲಸಕ್ಕೆ ಗಂಟೆಗಟ್ಟಲೆ ಬೇಕು.